ಮನೆ ಬಿಟ್ಟು ಓದಲು ಹೊರಟ ಮಕ್ಕಳ ಯೋಗಕ್ಷೇಮ

(ಗುಳೇದಗುಡ್ಡದಲ್ಲಿ ಶ್ರಾವಣ ಮಾಸದ ಪ್ರವಚನದ ಸಂದರ್ಭದಲ್ಲಿ ದಯಪಾಲಿಸಿದ ಆಶೀರ್ವಚನ)



ಶ್ರಾವಣವೆಂದರೆ ಶ್ರವಣ ಮಾಡುವ ಮಾಸವೆಂದು ನಮ್ಮ ಜನ ತಿಳಿದಿದ್ದಾರೆ. ಶ್ರವಣ ನಕ್ಷತ್ರದಿಂದ ಈ ಮಾಸಕ್ಕೆ ಆ ಹೆಸರು ಬಂದಿತೆಂದು ಶಾಸ್ತ್ರಿಗಳು ತಿದ್ದಬಹುದು. ಜನರ ಅರ್ಥವೂ ಒಳ್ಳೆಯದೇ ಇದೆ, ಇರಲಿ. ಈಗಿನ ಕಾಲದಲ್ಲಿ ಈ ಮಾಸಕ್ಕೆ ಇನ್ನೊಂದು ವಿಶೇಷವೂ ಕೂಡಿಕೊಂಡಿದೆ. ಕಾಲೇಜುಗಳ ಪ್ರವೇಶ ನಡೆಯುವುದು ಇದೇ ದಿನಗಳಲ್ಲಿ. ಕಳೆದ ಎಂಟು ದಿನಗಳಿಂದ ಸಂಜೆಯಾದರೆ ತಂದೆತಾಯಿಗಳು ಮಕ್ಕಳನ್ನು ಕರೆದುಕೊಂಡು ಮಠಕ್ಕೆ ಬರುತ್ತಿದ್ದಾರೆ. “ನಮ್ಮ ಹುಡುಗ್ಗ ಸೀಟ ಸಿಕ್ಕೈತ್ರಿ ಅಜ್ಜಾರ, ಆಶೀರ್ವಾದ ಮಾಡ್ರಿ” ಎನ್ನುತ್ತಾರೆ. ನಿನ್ನೆ ಒಂದೇ ಸಂಜೆಗೆ ಹದಿನಾಲ್ಕು ಮಕ್ಕಳು ಬಂದಿದ್ದರು. ಅವರಲ್ಲಿ ಆರು ಜನ ಹೆಣ್ಣುಮಕ್ಕಳು. ಒಬ್ಬರು ಬಾಗಲಕೋಟೆಗೆ, ಒಬ್ಬರು ಧಾರವಾಡಕ್ಕೆ, ಇನ್ನೊಬ್ಬರು ಬೆಳಗಾವಿಗೆ, ಬೆಂಗಳೂರಿಗೆ. ಮಗ್ಗದ ಮನೆಯ ಮಕ್ಕಳು ಇಷ್ಟು ದೂರ ಓದಲು ಹೊರಟಿರುವುದನ್ನು ನೋಡಿ ನಮಗೆ ಆನಂದವಾಯಿತು. ಆದ್ದರಿಂದ ಇಂದು ನಿತ್ಯದ ಪ್ರವಚನದ ವಿಷಯವನ್ನು ಬದಿಗಿಟ್ಟು, ಈ ಮಕ್ಕಳ ಕುರಿತಾಗಿಯೇ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

‘ಯೋಗಕ್ಷೇಮ’ ಎಂಬ ಪದವನ್ನು ನೀವೆಲ್ಲರೂ ಕೇಳಿದ್ದೀರಿ. ಜೀವವಿಮಾ ನಿಗಮದ ಲಾಂಛನದ ಕೆಳಗೆ ಅದು ಇದೆ. ಕಂತು ಕಟ್ಟುವವರಿಗೆಲ್ಲ ಪರಿಚಿತವಾದ ಪದ. ಅದನ್ನು ಒಂದೇ ಪದವೆಂದು ಭಾವಿಸಿದ್ದೇವೆ. ಅದರಲ್ಲಿ ಎರಡಿವೆ. ಇಲ್ಲದಿರುವುದನ್ನು ಪಡೆದುಕೊಳ್ಳುವುದು ಯೋಗ. ಪಡೆದುದನ್ನು ಕೆಡದಂತೆ ಕಾಪಾಡಿಕೊಳ್ಳುವುದು ಕ್ಷೇಮ. ಹೀಗೆಂದು ಭಾಷ್ಯಕಾರರು ಬಿಡಿಸಿ ಹೇಳಿದ್ದಾರೆ. ತಾಯಂದಿರೆ, ನಮ್ಮೂರಿನ ಒಂದು ಒಳ್ಳೆಯ ಖಣವನ್ನು ನೀವು ಕೊಂಡು ತಂದಿರಿ, ಅದು ಯೋಗವಾಯಿತು. ಅದನ್ನು ನುಸಿ ಹತ್ತದಂತೆ, ಬಣ್ಣ ಹೋಗದಂತೆ ಮಡಿಚಿ ಪೆಟ್ಟಿಗೆಯಲ್ಲಿ ಇಟ್ಟಿರಿ, ಅದು ಕ್ಷೇಮವಾಯಿತು. ಹತ್ತು ನೂರು ರೂಪಾಯಿಯ ಬಟ್ಟೆಗೆ ನೀವು ಎರಡನ್ನೂ ಮಾಡುತ್ತೀರಿ. ಹದಿನೆಂಟು ವರ್ಷ ಸಾಕಿದ ಮಗನಿಗೆ ಸೀಟು ಸಿಗುವವರೆಗೆ ಹಗಲಿರುಳು ಓಡಾಡುತ್ತೀರಿ. ಸಿಕ್ಕ ಮೇಲೆ ಗುಳೇದಗುಡ್ಡ ರೋಡ್ ಸ್ಟೇಷನ್ನಿನಲ್ಲಿ ಗಾಡಿ ಹತ್ತಿಸಿ, ಕೈ ಬೀಸಿ, ‘ಇನ್ನ ನಮ್ಮ ಕೆಲಸ ಮುಗೀತು’ ಎಂದು ಮನೆಗೆ ಬರುತ್ತೀರಿ. ಯೋಗ ಮುಗಿದಿದೆ, ನಿಜ. ಕ್ಷೇಮದ ಕೆಲಸವು ಗಾಡಿ ಬಿಟ್ಟ ಆ ಕ್ಷಣಕ್ಕೆ ಆರಂಭವಾಗುತ್ತದೆ.

ನಮ್ಮ ಹಿಂದಿನವರು ಇದನ್ನು ಬಹಳ ಚೆನ್ನಾಗಿ ಅರಿತಿದ್ದರು. ನಮ್ಮ ಈ ಭಾಗದ ಹುಡುಗರಿಗೆ ಒಂದು ಕಾಲದಲ್ಲಿ ಪದವಿ ಬೇಕಾದರೆ ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆಗೇ ಕೂಡಬೇಕಾಗಿತ್ತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದುದು 1917ರಲ್ಲಿ; ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದುದು 1949ರಲ್ಲಿ, ಅದು ಧಾರವಾಡಕ್ಕೆ ಬಂದುದು ಅದರ ಮರು ವರ್ಷ. ಹಳ್ಳಿಯ ಹುಡುಗ ಧಾರವಾಡಕ್ಕೆ ಹೋಗಿ ಇಳಿದರೆ ಅವನಿಗೆ ಮೊದಲು ಬೇಕಾದುದು ಏನು? ಗ್ರಂಥವೆ? ಅಲ್ಲ. ರಾತ್ರಿಯ ಊಟ ಮತ್ತು ತಲೆಯಿಟ್ಟು ಮಲಗಲು ಒಂದು ಜಾಗ. ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಬಡ ವಿದ್ಯಾರ್ಥಿಗಳಿಗಾಗಿ ಉಚಿತ ಪ್ರಸಾದನಿಲಯವನ್ನು ನಡೆಸಿದರು. ಅದಕ್ಕೂ ಮೊದಲು, 1903ರಲ್ಲಿ, ಬೆಂಗಳೂರಿನ ರೈಲ್ವೆ ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರು ಧರ್ಮಛತ್ರ ಕಟ್ಟಿಸಿದರು; ದೂರದಿಂದ ಓದಲು ಬಂದ ಹುಡುಗರಿಗೆ ವಿದ್ಯಾರ್ಥಿನಿಲಯವನ್ನೂ ಮಾಡಿದರು. ಸಿದ್ಧಗಂಗೆಯಲ್ಲಿ ಲಿಂಗೈಕ್ಯ ಶಿವಕುಮಾರ ಮಹಾಸ್ವಾಮಿಗಳು ಯಾವ ಜಾತಿ ಮತವೆಂದು ಕೇಳದೆ ಸುಮಾರು ಹತ್ತು ಸಾವಿರ ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರ ಕೊಟ್ಟರು. ಅವರು 2019ರಲ್ಲಿ ಲಿಂಗೈಕ್ಯರಾದಾಗ ಅವರಿಗೆ ನೂರಾಹನ್ನೊಂದು ವರ್ಷ. ಇವರೆಲ್ಲರ ಕಾರ್ಯದಲ್ಲಿ ಒಂದು ಅಂಶವನ್ನು ನೀವು ಗಮನಿಸಬೇಕು. ಇವರು ಮೊದಲು ಒಲೆ ಹೂಡಿದರು. ಊಟದ ಮನೆಗೆ ಪ್ರಸಾದನಿಲಯವೆಂದು ಹೆಸರಿಟ್ಟರು. ಹಸಿದ ಹುಡುಗನಿಗೆ, ಒಂಟಿ ಹುಡುಗನಿಗೆ ವಿದ್ಯೆ ಹತ್ತುವುದಿಲ್ಲವೆಂಬುದು ಅವರಿಗೆ ಪುಸ್ತಕದಿಂದ ತಿಳಿದುದಲ್ಲ.

ಸಂಸ್ಕೃತದಲ್ಲಿ ಶಿಷ್ಯನಿಗೆ ‘ಅಂತೇವಾಸಿ’ ಎಂದು ಹೆಸರು. ಹತ್ತಿರದಲ್ಲಿ ವಾಸಿಸುವವನು ಎಂದು ಅರ್ಥ. ಗುರುವಿನ ಸಮೀಪದಲ್ಲಿ, ಗುರುವಿನ ಮನೆಯಲ್ಲಿ, ಅದೇ ಒಲೆಯ ಅನ್ನ ಉಂಡು ಬೆಳೆಯುವವನು. ಆ ಹುಡುಗ ಎರಡು ದಿನ ಉಣ್ಣದಿದ್ದರೆ ಗುರುಪತ್ನಿಗೆ ತಿಳಿಯುತ್ತಿತ್ತು. ಇಂದಿನ ವಿದ್ಯಾರ್ಥಿಯೂ ವಿದ್ಯಾರ್ಥಿಯೇ. ಆದರೆ ಅವನು ಯಾರ ಅಂತೇವಾಸಿ? ಸಾವಿರ ಜನರಿರುವ ಕಾಲೇಜಿನಲ್ಲಿ ಉಪನ್ಯಾಸಕರಿಗೆ ಅವನ ನಂಬರು ಗೊತ್ತು, ಹೆಸರು ಗೊತ್ತಿಲ್ಲ. ಇದು ಅವರ ತಪ್ಪಲ್ಲ. ವ್ಯವಸ್ಥೆ ಹಾಗೆ ಬೆಳೆದಿದೆ. ಹಾಸ್ಟೆಲಿನ ಮೆಸ್ಸಿನಲ್ಲಿ ಒಂದು ತಾಟು ಕಡಿಮೆಯಾದರೆ ಯಾರೂ ಕೇಳುವುದಿಲ್ಲ. ಬಾಡಿಗೆ ಕೋಣೆಯಾದರಂತೂ ಹೇಳುವುದೇ ಬೇಡ.

ನಾವೂ ಚಿಕ್ಕಂದಿನಲ್ಲಿ ಮನೆ ಬಿಟ್ಟವರು. ಮಲಪ್ರಭೆಯ ತೀರದ ಶಿವಯೋಗಮಂದಿರದಲ್ಲಿ ವಟುವಾಗಿದ್ದೆವು. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಸ್ಥಾಪಿಸಿದ ಆ ಪುಣ್ಯಸ್ಥಳ ಇಲ್ಲಿಂದ ದೂರವಿಲ್ಲ, ನೀವೆಲ್ಲ ನೋಡಿದ್ದೀರಿ. ಅಲ್ಲಿ ನಮಗೆ ಮನೆಯ ನೆನಪು ಬಂದರೂ ಜೋಳದ ರೊಟ್ಟಿ ಇತ್ತು, ನಮ್ಮ ಮಾತು ಇತ್ತು. ಮುಂದೆ ಕಾಶಿಗೆ ಹೋದಾಗ ಎರಡೂ ಇಲ್ಲವಾದವು. ವ್ಯಾಕರಣದ ಸೂತ್ರ ಕಂಠಪಾಠವಾಗುತ್ತಿತ್ತು. ತೊಗರಿ ಬೇಳೆ, ಗೋಧಿ ರೊಟ್ಟಿ ಮಾತ್ರ ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ಮಾಘದ ಚಳಿಯಲ್ಲಿ ಜ್ವರ ಬಂದಿತು. ಬೀದರ ಕಡೆಯ ಒಬ್ಬ ಹಿರಿಯ ವಟು ಇದ್ದರು. ಅವರು ನಮಗೆ ಧೈರ್ಯ ಹೇಳಲಿಲ್ಲ, ವೈರಾಗ್ಯವನ್ನೂ ಬೋಧಿಸಲಿಲ್ಲ. ದಿನಾಲು ರಾತ್ರಿ ನಮ್ಮ ಪಕ್ಕದಲ್ಲಿ ಬಂದು ಕುಳಿತು, “ನಿಮ್ಮೂರಾಗ ಜಾತ್ರಿ ಯಾವಾಗ ಆಗ್ತದ? ತೇರು ಎಷ್ಟ ದೊಡ್ಡದದ?” ಎಂದು ಕೇಳುತ್ತಿದ್ದರು. ನಾವು ಹೇಳುತ್ತಾ ಹೇಳುತ್ತಾ ಎರಡು ತುತ್ತು ಹೆಚ್ಚಾಗಿ ಉಣ್ಣುತ್ತಿದ್ದೆವು. ಅಷ್ಟೇ ಆ ಔಷಧ. ಸನ್ಯಾಸಕ್ಕೆ ಹೊರಟ ಹುಡುಗನಿಗೇ ಊರಿನ ನೆನಪು ಹಾಗೆ ಕಾಡಿತೆಂದ ಮೇಲೆ, ಸಂಸಾರದ ಮಕ್ಕಳಿಗೆ ಕಾಡುವುದರಲ್ಲಿ ಆಶ್ಚರ್ಯವೇನು? ಮನೆಯ ನೆನಪಾಗಿ ಅಳು ಬಂದರೆ ಅದು ದೌರ್ಬಲ್ಯವಲ್ಲ, ಮಕ್ಕಳೆ. ಮನೆಯಲ್ಲಿ ಪ್ರೀತಿ ಕಂಡವನಿಗೆ ಮಾತ್ರ ಅಳು ಬರುತ್ತದೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಅದು ತಾನೇ ತಿಳಿಯಾಗುತ್ತದೆ. ತಿಳಿಯಾಗದೆ ದಿನದಿಂದ ದಿನಕ್ಕೆ ಕದಡುತ್ತಲೇ ಹೋದರೆ ಅದು ಬೇರೆ ಮಾತು. ಅದನ್ನೇ ಈಗ ಹೇಳುತ್ತೇವೆ.

ಹಿಂದೆ ಕಾಗದ ಬರೆಯುವಾಗ ‘ಇತ್ತಲಾಗಿ ನಾವೆಲ್ಲರೂ ಕ್ಷೇಮ’ ಎಂದು ಮೊದಲ ಸಾಲು ಬರೆಯುತ್ತಿದ್ದರು. ಮನೆಯಲ್ಲಿ ಯಾರು ಜ್ವರದಿಂದ ಮಲಗಿದ್ದರೂ ಮೊದಲ ಸಾಲು ಅದೇ. ಈಗ ಕಾಗದ ಹೋಗಿ ಮೊಬೈಲು ಬಂದಿದೆ. ಸಾಲು ಇನ್ನೂ ಚಿಕ್ಕದಾಗಿದೆ: “ಆರಾಮ ಅದೀನಿ ಯವ್ವಾ.” ಈ ಎರಡು ಮಾತುಗಳ ಹಿಂದೆ ಏನೇನು ಅಡಗಿರುತ್ತದೆಂಬುದನ್ನು ಒಂದು ಘಟನೆಯಿಂದ ಹೇಳುತ್ತೇವೆ. ಹೆಸರು ಹೇಳುವುದಿಲ್ಲ, ನೀವು ಊಹಿಸಲೂ ಬೇಡಿರಿ.

ಮಠದ ಭಕ್ತರ ಒಂದು ಮನೆ. ಎರಡು ಕುಣಿಮಗ್ಗ. ತಂದೆ ನೇಯುವವರು, ತಾಯಿ ಕಂಡಿಕೆ ಸುತ್ತುವವರು. ಹುಡುಗ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಬುದ್ಧಿವಂತನೆನಿಸಿಕೊಂಡು, ದೂರದ ಒಂದು ಕಾಲೇಜಿನಲ್ಲಿ ಇಂಜಿನಿಯರಿಂಗ್ ಸೀಟು ಪಡೆದ. ತಂದೆ ಸಾಲ ಮಾಡಿ ಕಳುಹಿಸಿದರು. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ, ಓಟದ ವೇಗದಲ್ಲಿ. ಮೊದಲ ತಿಂಗಳು ಅವನಿಗೆ ಅರ್ಥವಾಗಲಿಲ್ಲ. ಕೇಳಿದರೆ ನಗುವರೆಂದು ಕೇಳಲಿಲ್ಲ. ಮೊದಲ ಪರೀಕ್ಷೆಯಲ್ಲಿ ಒಂದು ವಿಷಯ ಹೋಯಿತು. ಊರಿಗೆಲ್ಲ ಮೊದಲಿಗನಾಗಿದ್ದ ಹುಡುಗನಿಗೆ ಅದು ಎಂತಹ ಆಘಾತವೆಂಬುದನ್ನು ನಪಾಸಾಗಿ ಅಭ್ಯಾಸವಿದ್ದವರು ತಿಳಿಯಲಾರರು! ಗೆಳೆಯರ ಎದುರು ಕುಳಿತು ಉಣ್ಣಲು ನಾಚಿಕೆಯಾಗಿ ಮೆಸ್ಸಿಗೆ ಹೋಗುವುದನ್ನು ಬಿಟ್ಟ. ರಾತ್ರಿಯೆಲ್ಲ ಎಚ್ಚರ, ಹಗಲೆಲ್ಲ ನಿದ್ದೆ. ತರಗತಿಗೂ ಹೋಗಲಿಲ್ಲ. ಪ್ರತಿ ಭಾನುವಾರ ತಾಯಿಗೆ ಫೋನು ಮಾಡುತ್ತಿದ್ದ: “ಆರಾಮ ಅದೀನಿ ಯವ್ವಾ.”

ದೀಪಾವಳಿಗೆ ಊರಿಗೆ ಬಂದ. ತಂದೆ ಅಂಕ ಕೇಳಿದರು. ತಾಯಿ ಅವನ ಸೊಂಟದ ಪಟ್ಟಿಯನ್ನು ನೋಡಿದರು. ಅದರಲ್ಲಿ ಮೊಳೆಯಿಂದ ಹೊಡೆದ ಎರಡು ಹೊಸ ತೂತುಗಳಿದ್ದವು. ಏನನ್ನೂ ಕೇಳದೆ ಮರುದಿನ ಮಠಕ್ಕೆ ಕರೆತಂದರು. ನಾವು ಉಪದೇಶಕ್ಕೆ ಹೋಗಲಿಲ್ಲ. ಪ್ರಸಾದ ಮಾಡಿಸಿ, ಒಳಗಿನ ಕೋಣೆಯಲ್ಲಿ ಮಲಗಲು ಹೇಳಿದೆವು. ಸಂಜೆಯವರೆಗೆ ಮಲಗಿದ. ಎದ್ದ ಮೇಲೆ ತಾನಾಗಿಯೇ ಮಾತನಾಡಿದ. “ನನ್ನ ಸಲುವಾಗಿ ಸಾಲಾ ಆಗೇತ್ರಿ ಅಜ್ಜಾರ. ನಾ ಇಲ್ದಿದ್ರ ಚಲೋ ಆಕ್ಕಿತ್ತು” ಎಂದ. ತಾಯಂದಿರೆ, ಈ ಮಾತನ್ನು ಯಾವ ಮಗು ಯಾವಾಗ ಆಡಿದರೂ ಅದನ್ನು ಹಗುರವಾಗಿ ಎಣಿಸಬಾರದು. ಸಿಟ್ಟಿನ ಮಾತೆಂದು ತಳ್ಳಿಬಿಡಬಾರದು. ತಂದೆಯನ್ನು ಕರೆಸಿದೆವು. ಅವರು ಹೆಚ್ಚು ಮಾತಿನವರಲ್ಲ. ಮಗನ ಮುಂದೆ ಕುಳಿತು ಹೇಳಿದರು: “ಮಗ್ಗ ಹೋದರ ಇನ್ನೊಂದು ಹೂಡತೀನಿ ತಮ್ಮಾ. ನಿನ್ನ ಎಲ್ಲಿಂದ ತರ್ಲಿ?”

ಅಲ್ಲಿಗೇ ಎಲ್ಲವೂ ಸರಿಯಾಯಿತೆಂದು ನಾವು ಹೇಳಿದರೆ ಅದು ಪುರಾಣದ ಕಥೆಯಾಗುತ್ತದೆ. ಸರಿಯಾಗಲಿಲ್ಲ. ಆ ತಾಯಿ, “ಒಂದು ದಾರ ಮಂತ್ರಿಸಿ ಕೊಡ್ರಿ ಅಜ್ಜಾರ” ಎಂದರು. ವಿಭೂತಿ ಹಚ್ಚಿದೆವು, ತಲೆಯ ಮೇಲೆ ಕೈಯಿಟ್ಟೆವು. ಜೊತೆಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೆ ಒಬ್ಬ ಹಿರಿಯ ಭಕ್ತರನ್ನು ಜೋಡು ಮಾಡಿ ಕಳುಹಿಸಿದೆವು. ವೈದ್ಯರು ಇದು ಮನಸ್ಸಿಗೆ ಬಂದ ಕಾಯಿಲೆ, ವಾಸಿಯಾಗುವಂಥದು ಎಂದರು. ಮಾತನಾಡಿಸಿದರು, ಕೆಲವು ತಿಂಗಳು ಔಷಧ ಕೊಟ್ಟರು. ಹುಡುಗ ಮರಳಿ ಕಾಲೇಜಿಗೆ ಹೋದ. ಒಂದು ವರ್ಷ ತಡವಾಗಿ ಪದವಿ ಮುಗಿಸಿದ. ಒಂದು ವರ್ಷ ಹೋಯಿತು, ಹೋಗಲಿ! ನೇಕಾರರಾದ ನಿಮಗೆ ನಾವು ಹೇಳಬೇಕಾಗಿಲ್ಲ. ಹಾಸಿನಲ್ಲಿ ಒಂದು ಎಳೆ ಹರಿದರೆ ನೀವು ಏನು ಮಾಡುತ್ತೀರಿ? ಲಾಳಿ ನಿಲ್ಲಿಸಿ, ಎಳೆ ಹುಡುಕಿ, ಗಂಟು ಹಾಕಿ ಮುಂದೆ ನೇಯುತ್ತೀರಿ. ಹೊತ್ತು ಹೋಗುತ್ತದೆಂದು ಹಾಗೆಯೇ ನೇಯ್ದರೆ ಆ ಗೀರು ಬಟ್ಟೆಯ ಉದ್ದಕ್ಕೂ ಹರಿಯುತ್ತದೆ. ಎಳೆ ಹರಿಯಿತೆಂದು ಮಗ್ಗಕ್ಕೆ ಬಯ್ಯುವ ನೇಕಾರನನ್ನು ನಾವು ನೋಡಿಲ್ಲ. ಮಗನಿಗೆ ಬಯ್ಯುವ ತಂದೆಯನ್ನು ಮಾತ್ರ ಬಹಳ ನೋಡಿದ್ದೇವೆ.

ವಿಭೂತಿ ಬೇರೆ, ವೈದ್ಯ ಬೇರೆ. ಕಾಲು ಮುರಿದರೆ ಆಸ್ಪತ್ರೆಗೆ ಹೋಗುವ ನೀವು ಮನಸ್ಸು ಕುಸಿದಾಗ ಮಠಕ್ಕೆ ಮಾತ್ರ ಬಂದರೆ ಹೇಗೆ? ಮಠಕ್ಕೂ ಬನ್ನಿರಿ, ಆಸ್ಪತ್ರೆಗೂ ಹೋಗಿರಿ. ‘ಹುಚ್ಚರ ದವಾಖಾನಿ’ ಎಂಬ ಕೆಟ್ಟ ಮಾತನ್ನು ನಾಲಿಗೆಯಿಂದ ತೆಗೆದುಹಾಕಿರಿ. ಆ ಮಾತಿಗೆ ಹೆದರಿ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ. 2022ರ ಅಕ್ಟೋಬರ್ ತಿಂಗಳಿನಿಂದ ಕೇಂದ್ರ ಸರ್ಕಾರವು ಟೆಲಿಮಾನಸ್ ಎಂಬ ಫೋನಿನ ಸೇವೆಯನ್ನು ನಡೆಸುತ್ತಿದೆ. ಅದರ ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಹಣ ಬೀಳುವುದಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಈ ನಂಬರನ್ನು ಮಕ್ಕಳು ಮೊಬೈಲಿನಲ್ಲಿ ಇಲ್ಲಿಯೇ ಕುಳಿತು ಬರೆದುಕೊಳ್ಳಲಿ, ನಾವು ಸ್ವಲ್ಪ ಹೊತ್ತು ಮಾತು ನಿಲ್ಲಿಸುತ್ತೇವೆ.

ಬರೆದುಕೊಂಡಿರಾ? ಒಳ್ಳೆಯದು. ಪ್ರವಚನದಲ್ಲಿ ಇಂಥ ಮಾತು ಏಕೆಂದು ಕೆಲವರಿಗೆ ಅನಿಸಬಹುದು. 2022ನೆಯ ಇಸವಿ ಒಂದರಲ್ಲಿಯೇ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಜೀವವನ್ನು ತಾವೇ ಕಳೆದುಕೊಂಡರೆಂದು ಸರ್ಕಾರದ ಅಪರಾಧ ದಾಖಲೆಯ ವರದಿ ಹೇಳುತ್ತದೆ. ಅದಕ್ಕಾಗಿ ಹೇಳುತ್ತಿದ್ದೇವೆ. ಇದನ್ನು ಕಂಡೇ ಸರ್ವೋಚ್ಚ ನ್ಯಾಯಾಲಯವು 2025ರ ಜುಲೈಯಲ್ಲಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರು ಇರಬೇಕೆಂದು ಸೂಚಿಸಿತು. ಶುಲ್ಕ ಕಟ್ಟಲು ಹೋದಾಗ, ‘ನಿಮ್ಮ ಕಾಲೇಜಿನಲ್ಲಿ ಆ ವ್ಯಕ್ತಿ ಯಾರು, ಯಾವ ಕೋಣೆಯಲ್ಲಿ ಕೂಡುತ್ತಾರೆ’ ಎಂದು ತಂದೆಯಾದವರು ಕೇಳಬೇಕು. ಕ್ಯಾಂಪಸ್ಸಿನ ಕಟ್ಟಡ ಎಷ್ಟು ಅಂತಸ್ತು ಎಂಬುದನ್ನು ಆಮೇಲೆ ನೋಡಬಹುದು.

ಈಗ ತಾಯಂದಿರಿಗೆ ಒಂದು ಮಾತು. ನಮ್ಮ ಸೀಮೆಯಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಊರಿನ ಬಸ್ಸಿನಲ್ಲಿ ಮಗನಿಗೆ ರೊಟ್ಟಿಯ ಡಬ್ಬಿ ಕಳುಹಿಸುವುದು. ಮುಂಜಾನೆ ಕಟ್ಟಿದ ಬುತ್ತಿ ಮಧ್ಯಾಹ್ನಕ್ಕೆ ಪಟ್ಟಣದ ಬಸ್ ನಿಲ್ದಾಣದಲ್ಲಿ ಮಗನ ಕೈಗೆ ಸೇರುತ್ತದೆ. ಬರಿದಾದ ಡಬ್ಬಿ ಮರುಬಸ್ಸಿಗೆ ತಿರುಗಿ ಬರುತ್ತದೆ. ಇದರಿಂದ ಎಷ್ಟು ಮಕ್ಕಳು ಓದಿ ದೊಡ್ಡವರಾಗಿದ್ದಾರೋ ಲೆಕ್ಕವಿಲ್ಲ. ಡಬ್ಬಿ ಹೊತ್ತ ಚಾಲಕ ನಿರ್ವಾಹಕರಿಗೂ ಆ ಪುಣ್ಯದಲ್ಲಿ ಪಾಲಿದೆ. ನಾವು ಹೇಳುವುದೇನೆಂದರೆ, ಹೋಗುವ ಡಬ್ಬಿಯನ್ನು ಎಷ್ಟು ಕಾಳಜಿಯಿಂದ ತುಂಬುತ್ತೀರೋ ಬರುವ ಡಬ್ಬಿಯನ್ನು ಅಷ್ಟೇ ಕಾಳಜಿಯಿಂದ ತೆಗೆದು ನೋಡಿರಿ. ರೊಟ್ಟಿ ಹಾಗೆಯೇ ಉಳಿದು ಬಂದಿದೆಯೆ? ಒಂದು ದಿನವಾದರೆ ಚಿಂತೆಯಿಲ್ಲ, ಹುಡುಗರು ಹೊರಗೆ ತಿನ್ನುತ್ತಾರೆ. ಎಂಟು ದಿನ ಹಾಗೆ ಬಂದರೆ ಎದ್ದು ಹೋಗಿ ಮಗನನ್ನು ನೋಡಿಕೊಂಡು ಬನ್ನಿರಿ. ದೂರದ ಊರಾದರೆ ಡಬ್ಬಿ ಹೋಗಲಾರದು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳಿನ ಹಿಂಡಿ ಕಟ್ಟಿಕೊಡಿರಿ. ಅದನ್ನು ಗೆಳೆಯರಿಗೆ ಹಂಚಿ ತಿನ್ನೆಂದು ಹೇಳಿ ಕೊಡಿರಿ. ಹೊಸ ಊರಿನಲ್ಲಿ ಗೆಳೆತನ ಮಾಡಲು ಗುರೆಳ್ಳಿನ ಹಿಂಡಿಯಷ್ಟು ಸುಲಭವಾದ ಉಪಾಯ ಇನ್ನೊಂದಿಲ್ಲ.

ಫೋನಿನಲ್ಲಿ, “ಊಟಾ ಆತೇನು?” ಎಂದು ಕೇಳಿದರೆ ಮಗ, “ಹೂಂ, ಆತು” ಎನ್ನುತ್ತಾನೆ. ಅಲ್ಲಿಗೆ ಮಾತು ಮುಗಿಯಿತು. “ಏನ ಉಂಡಿ? ಯಾರ ಜೋಡಿ ಕುಂತು ಉಂಡಿ?” ಎಂದು ಕೇಳಿರಿ. ಜೊತೆಗೆ ಕುಳಿತು ಉಣ್ಣುವವರ ಹೆಸರು ಅವನ ಬಾಯಿಂದ ಬಂದರೆ ಅರ್ಧ ಕ್ಷೇಮ ತಿಳಿದಂತೆ. ರಾತ್ರಿ ಎಷ್ಟು ಗಂಟೆಗೆ ಮಲಗಿದೆ ಎಂದು ಕೇಳಿರಿ. ಅಂಕ, ರ‍್ಯಾಂಕು, ನೆರೆಮನೆಯ ಹುಡುಗನ ಸಂಬಳ, ಇವನ್ನು ಪ್ರತಿ ಸಲವೂ ಕೇಳಬೇಡಿರಿ. ಮನೆಯ ಸಾಲದ ಲೆಕ್ಕವನ್ನು ಮಗನಿಂದ ಮುಚ್ಚಿಡಬೇಕಾಗಿಲ್ಲ, ಆದರೆ ಪರೀಕ್ಷೆಯ ಹಿಂದಿನ ದಿನ ಅದನ್ನು ಓದಿ ಹೇಳುವುದು ಬೇಡ.

ಮಕ್ಕಳೆ, ನಿಮಗೆ ಹೆಚ್ಚು ಹೇಳುವುದಿಲ್ಲ. ನಿಮಗೆ ಹೇಳುವವರು ಬಹಳ ಜನ ಇದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣಿರಿ. ಏಳೆಂಟು ತಾಸು ನಿದ್ದೆ ಮಾಡಿರಿ. ಇಡೀ ರಾತ್ರಿ ಎಚ್ಚರವಿದ್ದು ಓದಿದುದು ಮುಂಜಾನೆಯ ಪರೀಕ್ಷೆಯಲ್ಲಿ ನೆನಪಿಗೆ ಬರುವುದಿಲ್ಲ. ಹೊಸ ಊರಿನ ನೀರು ಕುಡಿಯುವಾಗ ಎಚ್ಚರವಿರಲಿ. ಕಾಮಾಲೆ, ವಿಷಮಜ್ವರ ನೀರಿನಿಂದಲೇ ಬರುವುವು. ಗುಟಕಾ, ಸಿಗರೇಟು, ಹಣ ಕಟ್ಟಿ ಆಡುವ ಮೊಬೈಲಿನ ಆಟ, ಇವುಗಳ ವಿಚಾರ ನಿಮಗೆ ಗೊತ್ತಿದೆ. ಅಂಥ ಆಟಗಳನ್ನು 2025ರಲ್ಲಿ ಕಾನೂನಿನಿಂದಲೇ ನಿಷೇಧಿಸಿದ್ದಾರೆ. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವವನನ್ನು ಸಮೀಪಕ್ಕೂ ಸೇರಿಸಬೇಡಿರಿ. ಹಣ ಸಾಲದಿದ್ದರೆ ತಂದೆಗೆ ಹೇಳಿರಿ, ಅವರಿಗೆ ಹೇಳಲು ಸಂಕೋಚವಾದರೆ ಮಠಕ್ಕೆ ಹೇಳಿರಿ. ಹಿರಿಯ ವಿದ್ಯಾರ್ಥಿಗಳು ಚೇಷ್ಟೆಯ ಹೆಸರಿನಲ್ಲಿ ಹಿಂಸೆ ಕೊಟ್ಟರೆ ಸಹಿಸಿಕೊಳ್ಳುವುದು ಶೌರ್ಯವಲ್ಲ. ರ‍್ಯಾಗಿಂಗ್ ಅಪರಾಧವಾಗಿದೆ. 2009ರ ನಿಯಮದಂತೆ ಪ್ರತಿ ಕಾಲೇಜೂ ಅದನ್ನು ತಡೆಯಲೇಬೇಕು. ದೂರು ಹೇಳಲು 1800-180-5522 ಎಂಬ ನಂಬರಿದೆ. ಪಾಠ ತಿಳಿಯದಿದ್ದರೆ ಮೊದಲ ವಾರದಲ್ಲಿಯೇ ಎದ್ದು ನಿಂತು ಕೇಳಿರಿ. ಕನ್ನಡದಲ್ಲಿ ಓದಿ ಬಂದವನೆಂದು ತಲೆ ತಗ್ಗಿಸಬೇಡಿರಿ. ಪಾಣಿನಿಯ ಸೂತ್ರ ನಮಗೂ ಮೊದಲ ದಿನ ಅರ್ಥವಾಗಿರಲಿಲ್ಲ. ಕೇಳಿದ ಮೇಲೆ ಆಯಿತು.

ಹೆಣ್ಣುಮಕ್ಕಳ ವಿಷಯದಲ್ಲಿ ಕೆಲವು ಹಿರಿಯರು ನಮ್ಮ ಬಳಿ ಗುಟ್ಟಾಗಿ ಕೇಳುತ್ತಾರೆ: “ದೂರ ಕಳಿಸೂದು ಚಲೋ ಅಲ್ಲೇನ್ರಿ ಅಜ್ಜಾರ?” ಚಲೋ ಇದೆ, ಕಳುಹಿಸಿರಿ. ಆದರೆ ಕಳುಹಿಸಿದ ಮೇಲೆ ‘ಏನಾದರೂ ಆದರ ಓದು ಬಿಡಿಸಿಬಿಡತೀವಿ’ ಎಂಬ ಮಾತನ್ನು ಆಡಬೇಡಿರಿ. ಆ ಮಾತಿಗೆ ಹೆದರಿ ಹುಡುಗಿ ತನಗಾದ ತೊಂದರೆಯನ್ನು ನಿಮಗೆ ಹೇಳುವುದೇ ಇಲ್ಲ. ತೊಂದರೆ ಕೊಟ್ಟವನಿಗೆ ಅದೇ ಬೇಕಾಗಿರುತ್ತದೆ. 2023ರ ಜೂನ್ ತಿಂಗಳಿನಿಂದ ನಮ್ಮ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ಹಣವಿಲ್ಲ. ಬಾಗಲಕೋಟೆಯಿಂದಾಗಲಿ ಧಾರವಾಡದಿಂದಾಗಲಿ ಅವಳು ಶನಿವಾರ ಹೊರಟು ಬರಬಹುದು. ಬಂದಾಗ, ‘ಯಾಕ ಬಂದಿ? ಓದೂದು ಇಲ್ಲೇನು?’ ಎಂದು ಬಾಗಿಲಲ್ಲಿ ಕೇಳಬೇಡಿರಿ. ಮೊದಲು ಉಣ್ಣಲು ಕೊಡಿರಿ. ಮೈಯಲ್ಲಿ ರಕ್ತ ಕಡಿಮೆಯಾಗಿ ಮುಖ ಬಿಳಿಚಿದ್ದರೆ ಅಡುಗೆಮನೆಯ ಬೆಳಕಿನಲ್ಲಿಯೇ ತಾಯಿಗೆ ತಿಳಿಯುತ್ತದೆ.

ಇಷ್ಟು ಹೇಳಿ, ಒಂದು ವ್ಯವಸ್ಥೆಯ ವಿಷಯವನ್ನು ತಿಳಿಸಿ ನಮ್ಮ ಮಾತನ್ನು ಮುಗಿಸುತ್ತೇವೆ. ಈ ಸಲ ಹೊರಗೆ ಓದಲು ಹೋಗುವ ಮಕ್ಕಳೆಲ್ಲರೂ ಮಂಗಲವಾದ ಮೇಲೆ ಪ್ರಸಾದಕ್ಕೆ ಹೋಗುವ ಮುನ್ನ ಇಲ್ಲಿ ಗದ್ದುಗೆಯ ಬಲಬದಿಗೆ ಬರಬೇಕು. ಮಠದ ಒಂದು ವಹಿಯಲ್ಲಿ ನಿಮ್ಮ ಹೆಸರು, ಕಾಲೇಜು, ಇರುವ ಸ್ಥಳ, ಫೋನಿನ ನಂಬರು ಬರೆದುಕೊಳ್ಳುತ್ತಾರೆ. ಧಾರವಾಡ, ಬೆಳಗಾವಿ, ಬೆಂಗಳೂರುಗಳಲ್ಲಿ ನೆಲೆಸಿರುವ ನಮ್ಮೂರಿನ ಭಕ್ತರಿದ್ದಾರೆ. ಒಂದೊಂದು ಮನೆಗೆ ಇಬ್ಬರು ಮಕ್ಕಳಂತೆ ಒಪ್ಪಿಸಬೇಕೆಂದು ಅವರಿಗೆ ಹೇಳಿದ್ದೇವೆ, ಅವರು ಒಪ್ಪಿದ್ದಾರೆ. ತಿಂಗಳಿಗೆ ಒಂದು ಭಾನುವಾರ ಆ ಮನೆಗೆ ಹೋಗಿ ರೊಟ್ಟಿ ಊಟ ಮಾಡಿ ಬರಬೇಕು. ಹೋಗದಿದ್ದವರಿಗೆ ಮಠದಿಂದ ಫೋನು ಬರುತ್ತದೆ. ಫೋನಿನಲ್ಲಿ ‘ಆರಾಮ ಅದೀನ್ರಿ’ ಎಂದರೆ ನಾವು ನಂಬುವುದಿಲ್ಲ. ಏನು ಉಂಡಿರಿ ಎಂದು ಕೇಳುತ್ತೇವೆ. ಹೆಸರು ಬರೆಯಿಸುವಾಗ ನೂಕಾಡಬೇಡಿರಿ, ಸಣ್ಣವರು ಮೊದಲು ಬರಲಿ. ಇಂದಿನ ಪ್ರಸಾದದ ಸೇವೆ ನೇಕಾರ ಓಣಿಯ ಭಕ್ತರದು. ಎಲ್ಲರೂ ಪ್ರಸಾದ ಸ್ವೀಕರಿಸಿಯೇ ಮನೆಗೆ ತೆರಳಬೇಕು.